ಅಂಕಪಟ್ಟಿ ಆಮೇಲೆ, ಮೊದಲು ತರಗತಿಗೆ ಬನ್ನಿ

ಚಿತ್ರದುರ್ಗದ ಸಮೀಪ, ಹೆದ್ದಾರಿಯ ಮಗ್ಗುಲಲ್ಲಿರುವ ಸೀಬಾರದಲ್ಲಿ ಮಾಜಿ ಮುಖ್ಯಮಂತ್ರಿ ಎಸ್. ನಿಜಲಿಂಗಪ್ಪನವರ ಸ್ಮಾರಕವಿದೆ. 2011ರಲ್ಲಿ ಅದನ್ನು ಉದ್ಘಾಟಿಸಿದವರು ಟಿಬೆಟನ್ನರ ಧರ್ಮಗುರು ದಲೈ ಲಾಮಾ. ದುರ್ಗದ ವಕೀಲರೊಬ್ಬರ ಸ್ಮಾರಕಕ್ಕೆ ಹಿಮಾಲಯದಾಚೆಯ ಬೌದ್ಧ ಗುರು ಏಕೆ ಬಂದರೆಂದು ಅಂದು ಅನೇಕರು ಅಚ್ಚರಿಪಟ್ಟಿರಬಹುದು. ಕಾರಣ ಸರಳವಾದುದು. 1959ರಲ್ಲಿ ಟಿಬೆಟನ್ನು ತೊರೆದು ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ರಾಜ್ಯ 1960ರಲ್ಲಿ ಬೈಲುಕುಪ್ಪೆಯಲ್ಲಿ ಸುಮಾರು 3,000 ಎಕರೆ ನೆಲವನ್ನು ನೀಡಿತು. 1966ರಲ್ಲಿ ಮುಂಡಗೋಡಿನ ನೆಲೆ ತಲೆಯೆತ್ತಿದಾಗ ಮುಖ್ಯಮಂತ್ರಿಯಾಗಿದ್ದವರು ನಿಜಲಿಂಗಪ್ಪನವರೇ. ಆ ಋಣವನ್ನು ದಲೈ ಲಾಮಾ ಮರೆತಿರಲಿಲ್ಲ.

ಆ ನಿರಾಶ್ರಿತರು ನೆಲ ಕೇಳಿದಷ್ಟೇ ಒತ್ತಾಯದಿಂದ ಶಾಲೆಯನ್ನೂ ಕೇಳಿದರು ಎಂಬುದು ಇಲ್ಲಿ ಗಮನಾರ್ಹ. ಪ್ರಧಾನಿ ನೆಹರೂ ಅವರು ಒಪ್ಪಿದ ಫಲವಾಗಿ 1961ರಲ್ಲಿಯೇ ಟಿಬೆಟನ್ ಮಕ್ಕಳ ಶಾಲೆಗಳಿಗಾಗಿ ಕೇಂದ್ರ ಸರ್ಕಾರದ ಪ್ರತ್ಯೇಕ ಆಡಳಿತ ಸಂಸ್ಥೆ ಹುಟ್ಟಿಕೊಂಡಿತು. ಕಾಡು ಕಡಿದು ಜೋಳ ಬಿತ್ತುತ್ತಿದ್ದ ಕಾಲದಲ್ಲಿಯೇ ಪಾಠವೂ ನಡೆಯುತ್ತಿತ್ತು. ಸಂಘರ್ಷದಿಂದ ಓಡಿಬಂದವರಿಗೆ ಅನ್ನ, ಆಸರೆಗಳನ್ನು ಕೊಡಬೇಕೆಂಬುದನ್ನು ಲೋಕ ಬಹುಬೇಗ ಒಪ್ಪುತ್ತದೆ. ಅವರ ಹದಿನೆಂಟು, ಇಪ್ಪತ್ತು ವರ್ಷದ ಮಕ್ಕಳಿಗೆ ಕಾಲೇಜು ಬೇಕೆಂಬುದು ಮಾತ್ರ ಬಹಳ ತಡವಾಗಿ ನೆನಪಾಗುತ್ತದೆ. ನೆನಪಾದ ಮೇಲೂ ಒಂದು ತೊಡಕು ಅಡ್ಡ ಬರುತ್ತದೆ. ಬುದ್ಧಿವಂತಿಕೆಯ ಕೊರತೆಯಲ್ಲ, ಎಷ್ಟೋ ವೇಳೆ ಹಣದ ಕೊರತೆಯೂ ಅಲ್ಲ. ಅದು ಕಾಗದಪತ್ರದ ತೊಡಕು.

ಕಾಗದದ ಮಹಿಮೆಯನ್ನು ನಮ್ಮ ಜಿಲ್ಲೆಯ ಕುಟುಂಬಗಳಿಗೆ ವಿವರಿಸಿ ಹೇಳಬೇಕಾಗಿಲ್ಲ. ಒಂದೇ ಮನೆಯಲ್ಲಿ ಅಜ್ಜನ ಪದವಿ ಮೈಸೂರು ವಿಶ್ವವಿದ್ಯಾನಿಲಯದ್ದು, ತಂದೆಯದು 1987ರಲ್ಲಿ ಸ್ಥಾಪಿತವಾದ ಕುವೆಂಪು ವಿಶ್ವವಿದ್ಯಾನಿಲಯದ್ದು, ಮಗಳದು 2009ರಲ್ಲಿ ಹುಟ್ಟಿದ ದಾವಣಗೆರೆ ವಿಶ್ವವಿದ್ಯಾನಿಲಯದ್ದು. ಊರು ಅದೇ, ಮನೆ ಅದೇ. ಪ್ರಮಾಣಪತ್ರದ ಮೇಲಿನ ಮೊಹರು ಮಾತ್ರ ಮೂರು ಬಗೆಯದು. ಒಂದು ವಿಶ್ವವಿದ್ಯಾನಿಲಯದಿಂದ ಇನ್ನೊಂದಕ್ಕೆ ದಾಟುವಾಗ ಮೈಗ್ರೇಷನ್ ಸರ್ಟಿಫಿಕೇಟಿಗಾಗಿ ಬಸ್ಸಿನ ಮೇಲೆ ಬಸ್ಸು ಹಿಡಿದು ಅಲೆದವರು ಹಿರಿಯೂರಿನಲ್ಲಿಯೂ ಇದ್ದಾರೆ, ಹೊಸದುರ್ಗದಲ್ಲಿಯೂ ಇದ್ದಾರೆ.

ಈ ಲೇಖಕನ ಮನೆಯಲ್ಲಿ ಒಮ್ಮೆ ಊರು ಬದಲಾಯಿಸುವಾಗ ತಮ್ಮನ ಎಸ್.ಎಸ್.ಎಲ್.ಸಿ. ಅಂಕಪಟ್ಟಿಯಿದ್ದ ಚೀಲ ಲಾರಿಯಿಂದ ಎಲ್ಲೋ ಜಾರಿಹೋಯಿತು. ಆಮೇಲೆ ಪೊಲೀಸ್ ಠಾಣೆಯಲ್ಲಿ ದೂರು, ನೋಟರಿಯ ಮುಂದೆ ಅಫಿಡವಿಟ್ಟು, ಬ್ಯಾಂಕಿನಲ್ಲಿ ಚಲನ್, ಮುಖ್ಯೋಪಾಧ್ಯಾಯರ ಸಹಿ, ಮತ್ತೆ ಕಾಯುವಿಕೆ. ಶಾಲೆ ತನ್ನ ಜಾಗದಲ್ಲಿಯೇ ಇತ್ತು. ಠಾಣೆಯೂ ಇತ್ತು. ಮುಖ್ಯೋಪಾಧ್ಯಾಯರು ತಮ್ಮನ ಮುಖ ಕಂಡೊಡನೆ ಗುರುತು ಹಿಡಿದರು. ಇಷ್ಟೆಲ್ಲ ಅನುಕೂಲವಿದ್ದೂ ತಿಂಗಳುಗಟ್ಟಲೆ ಹಿಡಿಯಿತು. ಶಾಲೆಯೇ ಸುಟ್ಟುಹೋಗಿದ್ದರೆ? ಠಾಣೆಯಿರುವ ಊರಿಗೆ ಕಾಲಿಟ್ಟರೆ ಜೀವಕ್ಕೆ ಅಪಾಯವಿದ್ದರೆ?

ಈ ಪ್ರಶ್ನೆ ಕಲ್ಪಿತವಾದುದಲ್ಲ. 2023ರ ಮೇ 3ರಂದು ಮಣಿಪುರದಲ್ಲಿ ಮೈತೇಯಿ ಮತ್ತು ಕುಕಿ-ಜೋ ಸಮುದಾಯಗಳ ನಡುವೆ ಹಿಂಸಾಚಾರ ಭುಗಿಲೆದ್ದಿತು. ಮೈತೇಯಿಗಳನ್ನು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿಸುವ ಬೇಡಿಕೆಗೆ ಸಂಬಂಧಿಸಿದ ಹೈಕೋರ್ಟ್ ಆದೇಶ, ಅದನ್ನು ವಿರೋಧಿಸಿ ಗುಡ್ಡಗಾಡು ಜಿಲ್ಲೆಗಳಲ್ಲಿ ನಡೆದ ಮೆರವಣಿಗೆ, ಇವು ತಕ್ಷಣದ ಕಿಡಿಗಳು. ನೆಲದ ಮೇಲಿನ ಹಕ್ಕಿನ ಹಳೆಯ ಸಂಶಯಗಳು ಒಣಹುಲ್ಲಿನಂತೆ ಮೊದಲೇ ಬಿದ್ದಿದ್ದವು. ಇನ್ನೂರಕ್ಕೂ ಹೆಚ್ಚು ಜನ ಹತರಾದರು. ಸುಮಾರು 60,000 ಮಂದಿ ಮನೆಮಠ ಕಳೆದುಕೊಂಡರು. ನೂರಾರು ಚರ್ಚುಗಳು ನಾಶವಾದ ಸುದ್ದಿಯನ್ನು ನಮ್ಮ ಕುಟುಂಬಗಳು ಕಣ್ಣೀರಿನೊಡನೆ ಓದಿದವು. ಆದರೆ ಅಲ್ಲಿ ದೇವಾಲಯಗಳೂ ಹಾಳಾದವು, ಇಂಫಾಲ್ ಕಣಿವೆಯ ಮೈತೇಯಿ ಕ್ರೈಸ್ತರ ಚರ್ಚುಗಳೂ ಉರಿದವು. ಆದುದರಿಂದ ಅದನ್ನು ಕೇವಲ ಎರಡು ಧರ್ಮಗಳ ಕಾದಾಟವೆಂದು ತಿಳಿಯುವುದು ಸತ್ಯಕ್ಕೆ ಸಲ್ಲದು. ಚುರಾಚಾಂದಪುರದಲ್ಲಿ ಬಾಳಿದ ಮೈತೇಯಿ ಕುಟುಂಬ ಹೇಗೆ ತನ್ನ ಮನೆಗೆ ಮರಳಲಾರದಾಯಿತೋ, ಹಾಗೆಯೇ ಇಂಫಾಲಿನಲ್ಲಿ ಓದುತ್ತಿದ್ದ ಕುಕಿ ವಿದ್ಯಾರ್ಥಿ ತನ್ನ ತರಗತಿಗೆ ಮರಳಲಾರದಾದನು.

ಹಿಂಸೆ ಹತ್ತಿಕೊಂಡ ಕಾಲವನ್ನು ಸ್ವಲ್ಪ ನೋಡಬೇಕು. ಮೇ ತಿಂಗಳೆಂದರೆ ಪರೀಕ್ಷೆಯ, ಫಲಿತಾಂಶದ, ಪ್ರವೇಶದ ತಿಂಗಳು. ವೈದ್ಯಕೀಯ ಕೋರ್ಸುಗಳ ನೀಟ್ ಪರೀಕ್ಷೆ ದೇಶದಲ್ಲೆಲ್ಲ ಮೇ 7ರಂದು ನಡೆದರೆ ಮಣಿಪುರದ ಅಭ್ಯರ್ಥಿಗಳಿಗೆ ಮುಂದೂಡಬೇಕಾಯಿತು. ಮೊಬೈಲ್ ಇಂಟರ್ನೆಟ್ ಸೇವೆ, ನಡುವಿನ ಅಲ್ಪ ಸಡಿಲಿಕೆಯನ್ನು ಬಿಟ್ಟರೆ, ಡಿಸೆಂಬರ್ 3ರವರೆಗೆ ಸ್ಥಗಿತವಾಗಿತ್ತು. ಇಂದು ಅಂಕಪಟ್ಟಿಗಳನ್ನು ಡಿಜಿಲಾಕರಿನಲ್ಲಿ ಕಾಯ್ದಿಡಬಹುದು, ಕಾಗದ ಸುಟ್ಟರೂ ದಾಖಲೆ ಉಳಿಯುತ್ತದೆ ಎಂದು ನಾವು ಧೈರ್ಯ ಹೇಳಿಕೊಳ್ಳುತ್ತೇವೆ. ಸಂಪರ್ಕವನ್ನೇ ಕಡಿದ ಊರಿನಲ್ಲಿ ಆ ಪೆಟ್ಟಿಗೆಯ ಬೀಗ ತೆಗೆಯುವ ಬಗೆ ಹೇಗೆ? ಅರ್ಜಿ ಹಾಕುವುದೂ ಅದೇ ಜಾಲದ ಮೂಲಕ, ಶುಲ್ಕ ಕಟ್ಟುವುದೂ ಅದರ ಮೂಲಕವೇ. ಪರಿಹಾರ ಶಿಬಿರದಲ್ಲಿ ಚಾಪೆಯ ಮೇಲೆ ಕುಳಿತ ಹುಡುಗಿಗೆ ಕೊನೆಯ ದಿನಾಂಕ ದಾಟಿದ್ದು ತಿಳಿಯುವ ಉಪಾಯವೂ ಇರಲಿಲ್ಲ.

ಆ ಜುಲೈನಲ್ಲಿ ಕಣ್ಣೂರು ವಿಶ್ವವಿದ್ಯಾನಿಲಯ ಒಂದು ನಿರ್ಧಾರ ಕೈಗೊಂಡಿತು. ಮಣಿಪುರದ ವಿದ್ಯಾರ್ಥಿ ಸಂಘಟನೆಗಳಿಂದ ಬಂದ ಮನವಿಯನ್ನು ಪರಿಗಣಿಸಿ, ಅಲ್ಲಿ ಓದು ಮುಂದುವರಿಸಲಾಗದವರಿಗೆ ತನ್ನ ವಿಭಾಗಗಳಲ್ಲಿ ಹೆಚ್ಚುವರಿ ಸೀಟುಗಳನ್ನು ನೀಡಲು ಅದರ ಸಿಂಡಿಕೇಟ್ ಒಪ್ಪಿತು. ಅಂದಿನ ಕುಲಪತಿ ಪ್ರೊ. ಗೋಪಿನಾಥ್ ರವೀಂದ್ರನ್. ನಿರ್ಧಾರದ ಜೀವಾಳವಿದ್ದುದು ಸೀಟಿನ ಸಂಖ್ಯೆಯಲ್ಲಲ್ಲ; ಮೂಲ ಪ್ರಮಾಣಪತ್ರಗಳನ್ನು ಈಗಲೇ ಹಾಜರುಪಡಿಸಬೇಕಾಗಿಲ್ಲ, ಕೋರ್ಸ್ ಮುಗಿಯುವುದರೊಳಗೆ ಒದಗಿಸಿದರೆ ಸಾಕು ಎಂಬ ಒಂದೇ ಒಂದು ಸಾಲಿನಲ್ಲಿ. ಆ ವರ್ಷವೇ ವಿದ್ಯಾರ್ಥಿಗಳು ಬಂದು ಸೇರಿದರು. ಅದೇ ಸುಮಾರಿಗೆ ತಿರುವನಂತಪುರದ ಸರ್ಕಾರಿ ಶಾಲೆಯೊಂದು ಮಣಿಪುರದಿಂದ ಬಂದ ಪುಟ್ಟ ಬಾಲಕಿಯನ್ನು ವರ್ಗಾವಣೆ ಪತ್ರವಿಲ್ಲದೆಯೇ ಮೂರನೆಯ ತರಗತಿಗೆ ಸೇರಿಸಿಕೊಂಡದ್ದೂ ವರದಿಯಾಯಿತು.

ಈ ಸಾಲನ್ನು ಹಗುರವಾಗಿ ಕಾಣಬಾರದು. ವಿಶ್ವವಿದ್ಯಾನಿಲಯವೆಂಬುದು ಹತ್ತು ಕಡತಗಳ ಮೇಲೆ ನಿಂತ ಸಂಸ್ಥೆ. ಅರ್ಹತಾ ಪತ್ರವಿಲ್ಲದವನನ್ನು ಸೇರಿಸಿಕೊಂಡರೆ ಲೆಕ್ಕಪರಿಶೋಧನೆಯಲ್ಲಿ ಆಕ್ಷೇಪ ಬರಬಹುದು, ಸುಳ್ಳು ಹೇಳಿ ನುಸುಳುವವರೂ ಇರಬಹುದು. ಗುಮಾಸ್ತನೊಬ್ಬ ಕಾಗದ ಕೇಳಿದರೆ ಅವನನ್ನು ಕಲ್ಲೆದೆಯವನೆಂದು ಹಳಿಯುವಂತಿಲ್ಲ. ನಿಯಮ ಸಡಿಲಿಸುವ ಅಧಿಕಾರ ಅವನಿಗಿಲ್ಲ. ಆ ಅಧಿಕಾರವಿರುವುದು ಮೇಲಿನ ಮಂಡಳಿಗೆ. ಮಂಡಳಿ ಸೇರಿ, ಆ ಹೊಣೆಯನ್ನು ತಾನು ಹೊತ್ತು, ಕೆಳಗಿನವನ ಕೈಗೆ ಒಂದು ಲಿಖಿತ ಆದೇಶ ಕೊಟ್ಟರೆ ಮಾತ್ರ ಕಿಟಕಿಯ ಬಳಿ ನಿಂತ ಹುಡುಗಿಗೆ ಬಾಗಿಲು ತೆರೆಯುತ್ತದೆ. ಕಣ್ಣೂರಿನವರು ಮಾಡಿದ್ದು ಅದನ್ನು. ಅರುವತ್ತು ಸಾವಿರ ನಿರ್ವಸಿತರ ಎದುರು ಅಲ್ಲಿ ಸೇರಿದವರ ಸಂಖ್ಯೆ ಬಲು ಸಣ್ಣದು, ನಿಜ. ಬೇರೆ ಹತ್ತು ವಿಶ್ವವಿದ್ಯಾನಿಲಯಗಳು ಇಂಥದೇ ಸಾಲು ಬರೆಯಲು ಬೇಕಾದ ಮಾದರಿಯಂತೂ ಸಿದ್ಧವಾಯಿತು.

ಕಣ್ಣೂರು ನಮಗೆ ಅಪರಿಚಿತವೆಂದು ಭಾವಿಸಬೇಕಾಗಿಲ್ಲ. 1996ರಲ್ಲಿ ಸ್ಥಾಪಿತವಾದ ಆ ವಿಶ್ವವಿದ್ಯಾನಿಲಯದ ವ್ಯಾಪ್ತಿಯಲ್ಲಿ ಕಣ್ಣೂರು ಜಿಲ್ಲೆ, ವಯನಾಡಿನ ಮಾನಂತವಾಡಿ ತಾಲ್ಲೂಕು ಮತ್ತು ಕಾಸರಗೋಡು ಜಿಲ್ಲೆ ಸೇರಿವೆ. 1956ರ ನವೆಂಬರ್ 1ರಂದು ದಕ್ಷಿಣ ಕನ್ನಡದಿಂದ ಬೇರ್ಪಟ್ಟು ಕೇರಳಕ್ಕೆ ಸೇರಿದ ಕಾಸರಗೋಡಿನ ಕನ್ನಡಿಗರ ಅಳಲು ನಮ್ಮ ಓದುಗರಿಗೆ ಹೊಸತಲ್ಲ. ಚಂದ್ರಗಿರಿ ನದಿಯ ಉತ್ತರದ ಭಾಗ ಮೈಸೂರಿಗೆ ಸೇರಬೇಕೆಂದು ಮಹಾಜನ ಆಯೋಗ 1967ರಲ್ಲಿ ಶಿಫಾರಸು ಮಾಡಿದರೂ ಅದು ಕಾರ್ಯರೂಪಕ್ಕೆ ಬರಲಿಲ್ಲ. ಆ ವಿವಾದದ ಸರಿತಪ್ಪುಗಳನ್ನು ಇಲ್ಲಿ ಕೆದಕುವ ಉದ್ದೇಶವಿಲ್ಲ. ಆದರೆ 1957ರಲ್ಲಿ ಆರಂಭವಾದ ಕಾಸರಗೋಡಿನ ಸರ್ಕಾರಿ ಕಾಲೇಜಿನಲ್ಲಿ ಕನ್ನಡದಲ್ಲಿಯೇ ಸ್ನಾತಕೋತ್ತರ ಪದವಿಯವರೆಗೆ ಓದಲು ಸಾಧ್ಯವಾಗಿದೆ. ಆ ಕಾಲೇಜು ಈಗ ಕಣ್ಣೂರು ವಿಶ್ವವಿದ್ಯಾನಿಲಯದ ಅಧೀನದಲ್ಲಿದೆ. ಮನೆಯಲ್ಲಿ ಒಂದು ಭಾಷೆ, ಬಸ್ಸಿನ ಫಲಕದಲ್ಲಿ ಇನ್ನೊಂದು, ಪ್ರಶ್ನೆಪತ್ರಿಕೆಯಲ್ಲಿ ಮತ್ತೊಂದು: ಇಂಥ ವಿದ್ಯಾರ್ಥಿಯನ್ನು ಪ್ರತಿವರ್ಷವೂ ಕಾಣುವ ವಿಶ್ವವಿದ್ಯಾನಿಲಯ ಅದು. ಮಲಯಾಳಂ ಒಂದಕ್ಷರವೂ ಬಾರದ ಮಣಿಪುರದ ಮಕ್ಕಳು ಬಂದಾಗ ಅದು ತಬ್ಬಿಬ್ಬಾಗದಿರಲು ಈ ರೂಢಿಯೂ ಒಂದು ಕಾರಣವಿರಬಹುದೆಂದು ನನ್ನ ಊಹೆ.

ಇಂಥ ನಿರ್ಧಾರಕ್ಕೆ ನಮ್ಮ ದೇಶದಲ್ಲಿ ಹಳೆಯ ಮೇಲ್ಪಂಕ್ತಿಯೂ ಇದೆ. ಕಲಬುರಗಿ, ಬೀದರ, ರಾಯಚೂರುಗಳು ನಿಜಾಮರ ಆಳ್ವಿಕೆಯಲ್ಲಿದ್ದ ದಿನಗಳು. 1938ರಲ್ಲಿ ಹೈದರಾಬಾದಿನ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ವಿದ್ಯಾರ್ಥಿ ನಿಲಯಗಳಲ್ಲಿ ವಂದೇ ಮಾತರಂ ಹಾಡುವುದನ್ನು ನಿಷೇಧಿಸಲಾಯಿತು. ವಿರೋಧಿಸಿ ಮುಷ್ಕರ ಹೂಡಿದ ನೂರಾರು ವಿದ್ಯಾರ್ಥಿಗಳನ್ನು ಹೊರಹಾಕಲಾಯಿತು. ಹೊರಹಾಕಲ್ಪಟ್ಟ ವಿದ್ಯಾರ್ಥಿಗೆ ಯಾವ ನಡತೆ ಪತ್ರ? ಅವರಿಗೆ ಬಾಗಿಲು ತೆರೆದದ್ದು ನಾಗಪುರ ವಿಶ್ವವಿದ್ಯಾನಿಲಯ. ಮುಂದೆ ಪ್ರಧಾನಮಂತ್ರಿಯಾದ ಪಿ.ವಿ. ನರಸಿಂಹರಾಯರೂ ಆ ಚಳವಳಿಯಲ್ಲಿ ಇದ್ದವರು, ನಾಗಪುರಕ್ಕೆ ಹೋಗಿ ಓದಿದವರು. ನಾಗಪುರದವರು ಅಂದು ಕಾಗದಕ್ಕಾಗಿ ಕಾದು ಕುಳಿತಿದ್ದರೆ ಎಷ್ಟು ಜನರ ಓದು ಅಲ್ಲಿಗೇ ನಿಲ್ಲುತ್ತಿತ್ತೋ!

1990ರ ನಂತರ ಕಾಶ್ಮೀರ ಕಣಿವೆಯಿಂದ ಹೊರಬಂದ ಕುಟುಂಬಗಳ ಮಕ್ಕಳಿಗಂತೂ ದೇಶದ ಶಿಕ್ಷಣ ಸಂಸ್ಥೆಗಳಲ್ಲಿ ನಿಯಮಬದ್ಧ ರಿಯಾಯಿತಿಯೇ ಇದೆ: ಕನಿಷ್ಠ ಅಂಕದಲ್ಲಿ ಶೇಕಡಾ 10ರವರೆಗೆ ಸಡಿಲಿಕೆ, ಸೀಟುಗಳಲ್ಲಿ ಶೇಕಡಾ 5ರವರೆಗೆ ಹೆಚ್ಚಳ, ವಾಸಸ್ಥಳದ ಷರತ್ತಿನಿಂದ ವಿನಾಯಿತಿ. ಅಂದರೆ ಆಡಳಿತಕ್ಕೆ ದಾರಿ ಗೊತ್ತಿಲ್ಲದೆ ಇಲ್ಲ. ಪ್ರತಿ ಸಂಘರ್ಷ ನಡೆದಾಗಲೂ ಆ ದಾರಿಯನ್ನು ಹೊಸದಾಗಿ ಕಡಿಯಬೇಕಾಗಿ ಬಂದಿರುವುದೇ ವಿಷಾದ. ಯಾವುದೇ ಜಿಲ್ಲೆಯಲ್ಲಿ ಜನ ನಿರ್ವಸಿತರಾದ ಕ್ಷಣವೇ ತಾನಾಗಿ ಜಾರಿಗೆ ಬರುವ ಒಂದು ಸ್ಥಾಯೀ ನಿಯಮ ಪ್ರತಿ ವಿಶ್ವವಿದ್ಯಾನಿಲಯದ ಕೈಪಿಡಿಯಲ್ಲಿ ಇರಬಾರದೇಕೆ? ವಿದ್ಯಾರ್ಥಿ ತನ್ನ ಕಾಗದಕ್ಕಾಗಿ ಅಲೆಯುವ ಬದಲು ಸೇರಿಸಿಕೊಂಡ ವಿಶ್ವವಿದ್ಯಾನಿಲಯವೇ ಆ ರಾಜ್ಯದ ಪರೀಕ್ಷಾ ಮಂಡಳಿಗೆ ಬರೆದು ಅಂಕಗಳನ್ನು ತರಿಸಿಕೊಳ್ಳುವುದು ಅಷ್ಟೇನೂ ಕಷ್ಟದ ಕೆಲಸವಲ್ಲ. ಕಣ್ಣೂರಿನ ರಿಯಾಯಿತಿ ಗಡುವನ್ನು ಮುಂದೂಡಿತೇ ಹೊರತು ಹೊರೆಯನ್ನು ವಿದ್ಯಾರ್ಥಿಯ ಹೆಗಲಿನಿಂದ ಇಳಿಸಲಿಲ್ಲ ಎಂಬುದನ್ನು ಮೆಚ್ಚುಗೆಯ ನಡುವೆಯೂ ಹೇಳಬೇಕಾಗುತ್ತದೆ.

ಲೋಕದ ಲೆಕ್ಕವನ್ನು ನೋಡಿದರೆ ಈ ಮಾತಿನ ತೂಕ ತಿಳಿಯುತ್ತದೆ. ನಿರಾಶ್ರಿತರಿಗಾಗಿರುವ ವಿಶ್ವಸಂಸ್ಥೆಯ ವಿಭಾಗದ ಪ್ರಕಾರ ಕೆಲವು ವರ್ಷಗಳ ಹಿಂದೆ ನಿರಾಶ್ರಿತ ಯುವಜನರಲ್ಲಿ ಉನ್ನತ ಶಿಕ್ಷಣ ತಲುಪಿದವರು ಶೇಕಡಾ 1ರಷ್ಟು ಮಾತ್ರ. 2023ರ ಹೊತ್ತಿಗೆ ಅದು ಶೇಕಡಾ 7ಕ್ಕೆ ಏರಿತ್ತು. 2030ಕ್ಕೆ ಶೇಕಡಾ 15 ಆಗಬೇಕೆಂಬುದು ಗುರಿ. ಈ ಏರಿಕೆಯಲ್ಲಿ ಕಥೋಲಿಕ ವಿಶ್ವವಿದ್ಯಾನಿಲಯಗಳ ಪಾಲೂ ಉಂಟು. ವಿಯೆಟ್ನಾಮಿನಿಂದ ದೋಣಿಗಳಲ್ಲಿ ಓಡಿಬಂದವರ ಪಾಡು ಕಂಡು 1980ರಲ್ಲಿ ಯೇಸುಸಭೆಯ ಮಹಾಶ್ರೇಷ್ಠರಾಗಿದ್ದ ಸ್ವಾಮಿ ಪೆದ್ರೊ ಅರೂಪೆಯವರು ನಿರಾಶ್ರಿತರ ಸೇವಾಸಂಸ್ಥೆಯನ್ನು ಆರಂಭಿಸಿದರು. ಮೂವತ್ತು ವರ್ಷಗಳ ಬಳಿಕ, 2010ರಲ್ಲಿ, ಕೆನ್ಯಾದ ಕಾಕುಮಾ ಮತ್ತು ಮಲಾವಿಯ ಜಲೇಕಾ ಶಿಬಿರಗಳಲ್ಲಿ ವಿಶ್ವವಿದ್ಯಾನಿಲಯ ಮಟ್ಟದ ಪಾಠ ತೊಡಗಿತು. ಅಮೆರಿಕದ ಡೆನ್ವರ್ ನಗರದ ರೀಜಿಸ್ ವಿಶ್ವವಿದ್ಯಾನಿಲಯ ಡಿಪ್ಲೊಮಾ ಕೊಡಲು ಒಪ್ಪಿತು. ವಿದ್ಯಾರ್ಥಿಗಳು ಶಿಬಿರ ಬಿಟ್ಟು ಹೋಗುವಂತಿಲ್ಲ; ಆದುದರಿಂದ ವಿಶ್ವವಿದ್ಯಾನಿಲಯವೇ ಕಂಪ್ಯೂಟರಿನ ಮೂಲಕ ಶಿಬಿರಕ್ಕೆ ಬಂತು. ಕಣ್ಣೂರಿನಲ್ಲಿ ವಿದ್ಯಾರ್ಥಿ ಬಾಗಿಲಿಗೆ ಬಂದ, ಕಾಕುಮಾದಲ್ಲಿ ಬಾಗಿಲೇ ವಿದ್ಯಾರ್ಥಿಯ ಬಳಿಗೆ ಹೋಯಿತು. ವಲಸಿಗರ ಸಾಮರ್ಥ್ಯ, ಕೌಶಲಗಳಿಗೆ ಮನ್ನಣೆ ದೊರೆಯಬೇಕೆಂದು ದಿವಂಗತ ವಿಶ್ವಗುರು ಫ್ರಾನ್ಸಿಸರು 2018ರ ವಲಸಿಗರ ದಿನದ ಸಂದೇಶದಲ್ಲಿ ಕೇಳಿಕೊಂಡದ್ದನ್ನೂ ಇಲ್ಲಿ ಸ್ಮರಿಸಬಹುದು.

ವಿಶ್ವವಿದ್ಯಾನಿಲಯ ಸೀಟು ಕೊಡಬಲ್ಲುದು. ಬಾಡಿಗೆಗೆ ಕೋಣೆಯನ್ನು ಕೊಡುವವರು ಊರಿನವರು. ಈ ವಿಷಯದಲ್ಲಿ ನಮ್ಮ ರಾಜ್ಯದ ನೆನಪು ಪೂರ್ತಿ ಹೆಮ್ಮೆಯದಲ್ಲ. 2012ರಲ್ಲಿ ಅಸ್ಸಾಮಿನ ಕೊಕ್ರಾಝಾರ್ ಗಲಭೆಗಳ ಬೆನ್ನಿಗೇ, ಆಗಸ್ಟ್ 15ರ ಆಸುಪಾಸಿನಲ್ಲಿ, ಬೆಂಗಳೂರಿನಲ್ಲಿ ಗಾಳಿಮಾತು ಹಬ್ಬಿತು. ಈಶಾನ್ಯ ರಾಜ್ಯಗಳ ಸಾವಿರಾರು ವಿದ್ಯಾರ್ಥಿಗಳು, ಕಾವಲುಗಾರರು, ಹೋಟೆಲ್ ಕೆಲಸಗಾರರು ಎರಡು ಮೂರು ದಿನಗಳಲ್ಲಿ ಗುವಾಹಟಿಯ ರೈಲು ಹತ್ತಿದರು. ಅವರಿಗಾಗಿ ವಿಶೇಷ ರೈಲುಗಳನ್ನೇ ಓಡಿಸಬೇಕಾಯಿತು. ಓದು ಅರಸಿ ಎರಡು ಸಾವಿರ ಮೈಲು ಬಂದವರು ಮೊಬೈಲಿಗೆ ಬಂದ ಒಂದು ಸಂದೇಶಕ್ಕೆ ಹೆದರಿ ಪುಸ್ತಕ ಬಿಟ್ಟು ಓಡಿದರೆಂದರೆ, ಅವರ ನೆರೆಮನೆಯವರು ಅವರಿಗೆ ಅದುವರೆಗೆ ಎಷ್ಟು ಧೈರ್ಯ ತುಂಬಿದ್ದರೆಂಬುದನ್ನು ನಾವೇ ಕೇಳಿಕೊಳ್ಳಬೇಕು. ಅಂದು ಯಾವ ಕಾಲೇಜೂ ಅವರ ಹೆಸರನ್ನು ಹೊಡೆದುಹಾಕಿರಲಿಲ್ಲ, ಸೀಟು ಹಾಗೆಯೇ ಇತ್ತು. ರಾತ್ರಿ ಬಾಗಿಲು ತಟ್ಟಿದರೆ ಯಾರನ್ನು ಕರೆಯುವುದೆಂಬುದು ತಿಳಿದಿರಲಿಲ್ಲ.

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳಲ್ಲಿ ನಮ್ಮ ಕುಟುಂಬಗಳು ಎಣಿಕೆಗೆ ಸಿಗುವಷ್ಟೇ. 1988ರಲ್ಲಿ ಶಿವಮೊಗ್ಗ ಧರ್ಮಪ್ರಾಂತ್ಯ ರಚನೆಯಾದಂದಿನಿಂದ ಈ ಸೀಮೆ ಅದರಲ್ಲಿದೆ. ಕೆಲಸದ ವರ್ಗಾವಣೆಯಿಂದಲೋ ವ್ಯಾಪಾರದ ನಿಮಿತ್ತವೋ ಹೊರಗಿನಿಂದ ಬಂದು ಈ ಬಯಲುಸೀಮೆಯ ನೀರಿಗೆ ಒಗ್ಗಿದವರು ನಮ್ಮಲ್ಲಿ ಕಡಿಮೆಯಿಲ್ಲ. ಹೊಸ ಊರಿನಲ್ಲಿ ಮೊದಲ ಭಾನುವಾರ ಬಲಿಪೂಜೆ ಮುಗಿದು ಹೊರಬಂದಾಗ ಯಾರಾದರೊಬ್ಬರು ಹತ್ತಿರ ಬಂದು ಎಲ್ಲಿ ಇಳಿದುಕೊಂಡಿದ್ದೀರಿ ಎಂದು ಕೇಳಿದ್ದನ್ನು ಇವತ್ತಿಗೂ ನೆನೆಯುವ ಹಿರಿಯರಿದ್ದಾರೆ. ಗುಡ್ಡದರಂಗವ್ವನಹಳ್ಳಿಯಲ್ಲಿ ದಾವಣಗೆರೆ ವಿಶ್ವವಿದ್ಯಾನಿಲಯದ ಸ್ನಾತಕೋತ್ತರ ಕೇಂದ್ರ ಜ್ಞಾನಗಂಗೋತ್ರಿ ಇದೆ. ಪಟ್ಟಣದಲ್ಲಿ ವೃತ್ತಿಶಿಕ್ಷಣದ ಕಾಲೇಜುಗಳಿವೆ. ನಾಳೆ ಅಲ್ಲಿಯೂ ಒಂದು ಸಿಂಡಿಕೇಟ್ ಅಂಥದೊಂದು ಸಾಲು ಬರೆದರೆ, ದೂರದ ಗುಡ್ಡಗಾಡಿನ ಹುಡುಗನೊಬ್ಬ ಹೆಗಲಿಗೆ ಚೀಲ ಹಾಕಿಕೊಂಡು ದುರ್ಗದ ಬಸ್ ನಿಲ್ದಾಣದಲ್ಲಿ ಇಳಿಯಬಹುದು.

ಆಗ ಅವನಿಗೆ ಬೇಕಾಗುವ ವಸ್ತುಗಳು ದೊಡ್ಡವಲ್ಲ. ಕೋಣೆ ಬಾಡಿಗೆಗೆ ಪಡೆಯಲು ಸ್ಥಳೀಯರೊಬ್ಬರ ಹೆಸರು. ಬ್ಯಾಂಕಿನಲ್ಲಿ ಖಾತೆ ತೆರೆಯುವಾಗ ಜೊತೆಗೆ ಬರುವವರೊಬ್ಬರು. ಮುದ್ದೆ ನುಂಗುವುದನ್ನು ಕಲಿಯುವವರೆಗೆ ವಾರಕ್ಕೊಮ್ಮೆ ಅನ್ನ ಊಟ, ಮತ್ತು ತರಗತಿಯ ಟಿಪ್ಪಣಿಯಲ್ಲಿ ಕನ್ನಡ ಬಂದಾಗ ಅದನ್ನು ಇಂಗ್ಲಿಷಿನಲ್ಲಿ ಹೇಳಿಕೊಡುವ ನಮ್ಮ ಪದವಿ ಮಕ್ಕಳಲ್ಲೊಬ್ಬರು. ಅವನು ಯಾವ ಸಮುದಾಯದವನು, ಯಾವ ಪಂಗಡದ ಪ್ರಾರ್ಥನೆಗೆ ಹೋಗುವವನು, ಪ್ರಾರ್ಥನೆಗೆ ಹೋಗುವವನೇ ಅಲ್ಲವೇ ಎಂಬುದನ್ನು ಕೇಳದೆಯೇ ಇವೆಲ್ಲ ಆಗಬೇಕು. ಮೈತೇಯಿಯ ಮಗನೂ ಬರಬಹುದು, ಕುಕಿಯ ಮಗಳೂ ಬರಬಹುದು, ಇಬ್ಬರೂ ಒಂದೇ ಬಸ್ಸಿನಿಂದ ಇಳಿಯಬಹುದು.

ಮನೆ ಬಾಡಿಗೆಗಿದೆ ಎಂಬ ಫಲಕ ತೂಗುಹಾಕಿದ ಮನೆಗಳು ನಮ್ಮ ಬೀದಿಗಳಲ್ಲಿಯೂ ಇವೆ. ಜೂನ್ ತಿಂಗಳಿನ ಪ್ರವೇಶಕಾಲದಲ್ಲಿ ಆ ಮನೆಗಳ ಬಾಗಿಲಲ್ಲಿ ನಿಂತ ಪರಊರಿನ ಹುಡುಗರನ್ನು ಮೊದಲು ಕೇಳುವ ಪ್ರಶ್ನೆ ಯಾವುದೆಂಬುದು, ಬಾಡಿಗೆ ಕೊಡುವ ಮತ್ತು ಪಡೆಯುವ ಇಬ್ಬರಿಗೂ ಗೊತ್ತು.